14,500 ರೂಪಾಯಿ ಮೈಕ್ರೋಸ್ಕೋಪು, ಮಾಳಗಿ ಮ್ಯಾಲಿನ ಪಾರಿವಾಳ, ಬೋನಾಳ ಕೆರಿ ಹೆಬ್ಬಾತು: ಆರು ತಿಂಗಳಾದ ಮ್ಯಾಲಿನ ರಿವ್ಯೂ

ಮೊದ್ಲೇ ಹೇಳಿಬಿಡ್ತೀನ್ರಿ, ಇದು ಯುನಿವರ್ಸಿಟಿ ಲ್ಯಾಬಿಗಿ ಬರೋ ಲಕ್ಷಗಟ್ಲಿ ರೊಕ್ಕದ ಮಷೀನಿನ ರಿವ್ಯೂ ಅಲ್ಲ. ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಶಾಲಿ ಕಾಲೇಜಿಗಿ ಸಾಮಾನ್ ಕೊಡೋ ಒಂದು ಅಂಗಡ್ಯಾಗ ಹೋದ ನವೆಂಬರ್‌ದಾಗ ನಾ ಸ್ವಂತ ರೊಕ್ಕ ಹಾಕಿ ತೊಗೊಂಡ ಎರಡು ಕಣ್ಣಿನ ಮೈಕ್ರೋಸ್ಕೋಪಿಂದು. 14,500 ರೂಪಾಯಿ, ಹರಿಯಾಣದ ಅಂಬಾಲಾ ಊರಿನ ಮಾಲು. ಕಂಪನಿ ಹೆಸರು, ಅಂಗಡಿ ಹೆಸರು ಎರಡೂ ಬರೆಯಂಗಿಲ್ಲ, ಯಾಕಂದ್ರ ಮುಂದ ಜರಾ ಬೈಯ್ಲಾಕ ಅದ, ಮತ್ತ ನಾಳಿ ಸ್ಲೈಡ್ ಖಾಲಿ ಆದ್ರ ಅದೇ ಮನುಷ್ಯಾನ ಮುಂದ ಹೋಗಿ ನಿಂದ್ರಬೇಕು.

ನಾ ಡಿಗ್ರಿ ಹುಡುಗರಿಗಿ ಝೂವಾಲಜಿ ಹೇಳ್ತೀನಿ. ಕಾಲೇಜಿನಾಗ ಮೈಕ್ರೋಸ್ಕೋಪ್ ಅವ, ಇಲ್ಲಂತಲ್ಲ, ಆದ್ರ ಒಂದರದ ಕನ್ನಡಿ ಒಡದದ, ಒಂದರದ ಲೆನ್ಸಿನಾಗ ಎಣ್ಣಿ ಒಣಗಿ ಕಲ್ಲಾಗ್ಯಾದ, ಛಲೋ ಇರೋದು ಕಪಾಟಿನಾಗ, ಕೀಲಿ ಯಾರ ಕಡಿ ಅದ ಅಂತ ದೇವರಿಗೇ ಗೊತ್ತು. ಅದಕ್ಕ ಮನ್ಯಾಗೇ ಒಂದು ಇರ್ಲಿ ಅಂತ ತೊಗೊಂಡೆ. ಮಕ್ಕಳಿಗಿ ಈರುಳ್ಳಿ ಸಿಪ್ಪಿ ತೋರಿಸ್ಲಾಕಾದ್ರ ಐದು ಸಾವಿರದ್ದು ಸಾಕಿತ್ತು. ನನಗ ಬೇಕಾಗಿದ್ದು ಹಕ್ಕಿ ರಕ್ತದಾಗಿನ ಪರೋಪಜೀವಿ ನೋಡ್ಲಾಕ, ಅಂದ್ರ ಎಣ್ಣಿ ಹಾಕಿ ನೋಡೋ 100 ಎಕ್ಸ್ ಲೆನ್ಸು ಬೇಕೇ ಬೇಕು.

ಈ ಹುಚ್ಚು ಹತ್ತಿಸಿದ್ದು ನಮ್ಮ ಕಾಕಾ. ನಮ್ಮೂರು ಸುರಪುರ ತಾಲೂಕು, ಬೋನಾಳ ಪಕ್ಷಿಧಾಮಕ್ಕ ಗಾಡಿ ಮ್ಯಾಲ ಹೋದ್ರ ಭಾಳ ದೂರ ಇಲ್ಲ. ಚಳಿಗಾಲದಾಗ ಪಟ್ಟೆತಲೆ ಹೆಬ್ಬಾತು ಬರ್ತಾವ, ತಲಿ ಮ್ಯಾಲ ಎರಡು ಕರಿ ಗೆರಿ, ಕೆರಿ ದಂಡಿ ಹೊಲದಾಗ ಇಳದು ಮೇಯ್ತಾವ. ಜೋಳದ ಹೊಲದ ಮ್ಯಾಲ ಗುಲಾಬಿ ಕಬ್ಬಕ್ಕಿ ಹಿಂಡು ಹಿಂಡು ಬೀಳ್ತಾವ, ಅವು ಕಝಾಕಸ್ತಾನ ಕಡಿಯಿಂದ ಬರೋವು. ಕಾಕಾ ಕವಣಿ ತಿರುವ್ಕೋತ ಅಂದ, "ಇವು ಎಲ್ಲೆಲ್ಲಿಂದೋ ಬರ್ತಾವಲ್ಲೋ ತಮ್ಮಾ, ಜಡ್ಡೂ ಹೊತಗೊಂಡೇ ಬರ್ತಾವ. ಎಟ್ಟು ದೂರದ್ದು, ಅಟ್ಟು ಜಡ್ಡು." ನಾ ಹೌದಂದೆ. ಪಾಠ ಹೇಳೋ ಮನುಷ್ಯಾ ಆಗಿ ಹೌದಂದೆ! ಮನಿಗಿ ಬಂದು ಕೂತು ಯೋಚನಿ ಮಾಡಿದ್ರ ಅದು ಖರೇನೋ ಸುಳ್ಳೋ ನನಗೇ ಗೊತ್ತಿಲ್ಲ.

ಕಾಕಾಂದು ಹಳ್ಳಿ ಮಾತು ಅಂತ ನಗಬ್ಯಾಡ್ರಿ. ಇದೇ ಸಂಶಯ ದೊಡ್ಡ ದೊಡ್ಡ ಸೈಂಟಿಸ್ಟಗಳಿಗೂ ಬಂದಿತ್ತು, ಅದೂ ನಮ್ಮ ಕರ್ನಾಟಕದಾಗೇ. 1957ರಾಗ ಶಿವಮೊಗ್ಗ ಜಿಲ್ಲಾ ಸೊರಬ ಕಡಿ ಕ್ಯಾಸನೂರು ಕಾಡಿನಾಗ ಮಂಗ ಸಾಯ್ಲಾಕತ್ತು, ಹಿಂದಿಂದೇ ಮಂದಿಗೂ ಜ್ವರ. ವೈರಸ್ ನೋಡಿದ್ರ ರಷ್ಯಾದ ಕಡಿ ಉಣ್ಣಿಯಿಂದ ಬರೋ ಮೆದುಳು ಜ್ವರದ ವೈರಸ್ಸಿನ ಸಂಬಂಧಿ ಇದ್ದಂಗಿತ್ತು. ಹಂಗಾದ್ರ ಸೈಬೀರಿಯಾದಿಂದ ಬರೋ ಹಕ್ಕಿಗಳೇ ಮೈಯಾಗ ಉಣ್ಣಿ ಹಿಡಕೊಂಡು ತಂದಿರಬೇಕು ಅಂತ ಗುಮಾನಿ ಆಯ್ತು. ಅದೇ ಗುಮಾನಿ ಮ್ಯಾಲ ವಿಶ್ವ ಆರೋಗ್ಯ ಸಂಸ್ಥೆ ರೊಕ್ಕ ಕೊಡ್ತು, ಪಕ್ಷಿ ತಜ್ಞ ಸಲೀಂ ಅಲಿ ಅವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಮಂದಿನ್ನ ಕಟಗೊಂಡು ಸಾವಿರಗಟ್ಲಿ ಹಕ್ಕಿ ಹಿಡದು ಕಾಲಿಗಿ ಉಂಗುರ ಹಾಕಿ ಬಿಟ್ರು, ಮೈಯಾಗಿನ ಉಣ್ಣಿ ಆರಿಸಿದ್ರು. ಮಂಗನ ಕಾಯಿಲೆ ಇಲ್ಲೇ ನಮ್ಮ ಕಾಡಿನ ಉಣ್ಣಿ, ಇಲಿ, ಮಂಗನ ನಡುವ ಸುತ್ತೋದು ಅಂತ ಆಮ್ಯಾಲ ಗೊತ್ತಾಯ್ತು. ಆದ್ರ ಆ ಉಂಗುರದ ಕೆಲಸದಿಂದ ಯಾವ ಹಕ್ಕಿ ಎಲ್ಲಿಂದ ಎಲ್ಲಿಗಿ ಹೋಗ್ತದ ಅಂತ ನಮ್ಮ ದೇಶಕ್ಕ ದೊಡ್ಡ ಲೆಕ್ಕ ಸಿಕ್ತು. ಸಂಶಯ ತಪ್ಪಿತ್ತು, ಕೆಲಸ ಬರೋಬರ್ ಆಯ್ತು.

ಇರ್ಲಿ, ಸಾಮಾನಿನ ಸುದ್ದಿಗಿ ಬರೋಣು.

ಡಬ್ಬಿ ಬಿಚ್ಚಿದ್ರ ಥರ್ಮಾಕೋಲ್ ಒಳಗ ಗಟ್ಟಿ ಕೂಡಿಸಿದ್ರು, ಅದು ಛಲೋ. ವಜನದ್ದು ಅದ, ಟೇಬಲ್ ಮ್ಯಾಲ ಅಲ್ಲಾಡಂಗಿಲ್ಲ. 4, 10, 40, 100 ನಾಲ್ಕು ಲೆನ್ಸು, ಕಣ್ಣಿನ ಕಡಿದು 10 ಎಕ್ಸ್, ಕೆಳಗ ಎಲ್‌ಇಡಿ ದೀಪ, ಸ್ಲೈಡ್ ಸರಿಸೋ ಸ್ಟೇಜು. ಒಂದು ಪುಟ್ಟ ಬಾಟ್ಲ್ಯಾಗ ಎಣ್ಣಿ. ಜೋಡಿಗಿ ಮಬ್ಬು ಪ್ಲಾಸ್ಟಿಕ್ಕಿನ ಹೊದಿಕಿ, ಅದು ಮೂರನೇ ವಾರಕ್ಕೇ ಹರೀತು, ಈಗ ಅವ್ವನ ಹಳೇ ಸೀರಿ ತುಂಡು ಹೊಚ್ಚೀನಿ. 40ರ ತನಕ ಲೆನ್ಸ್ ಖರೇ ಹೇಳ್ತೀನಿ ಬೆಲಿಗಿ ಮೀರಿ ಅವ, ಅಂಚಿನ್ಯಾಗ ಜರಾ ಮಸಕು, ನಡುವ ಸಾಫ್.

ಹೈರಾಣ ಮಾಡಿದ್ದು 100ರ ಲೆನ್ಸು. ಎಣ್ಣಿ ಹನಿ ಹಾಕಿ ನೋಡಿದ್ರ ಅರ್ಧ ಕಡಿ ಕಾಣಿಸ್ತದ, ಅರ್ಧ ಕಡಿ ಮುಂಜಾನಿ ಮಂಜು ಕವದಂಗ. ಒರಸ್ದೆ, ಮತ್ತ ಒರಸ್ದೆ, ಸ್ಲೈಡ್ ಬದಲಿ ಮಾಡ್ದೆ. ಕಡೀಕ ಲೆನ್ಸ್ ಬಿಚ್ಚಿ ತಿರುವಿ ದೀಪದ ಕಡಿ ಹಿಡದು ನೋಡಿದ್ರ ಒಳಗಿನ ಗಾಜು ಗಾಜಿನ ನಡುವ ಅಂಟು ಬಿಟ್ಟದ, ಕಾಮನಬಿಲ್ಲಿನ ಬಣ್ಣ ಹೊಡಿಲಾಕತ್ತದ. ಅಂಗಡಿಗಿ ಒಯ್ದೆ. ಅವ ನೋಡ್ಲೂ ಇಲ್ಲ, "ಸರ್ ನೀವು ಎಣ್ಣಿ ಜಾಸ್ತಿ ಹಾಕೀರಿ" ಅಂದ. ಎಣ್ಣಿ ಜಾಸ್ತಿ ಆದ್ರ ಒಳಗಿನ ಅಂಟು ಬಿಡ್ತದೇನ್ರಿ, ಅದೇನು ಮಿರ್ಚಿ ಭಜಿಯೇನು. ವಾದ ಆಯ್ತು, ಚಹಾ ಆಯ್ತು, ಮತ್ತ ವಾದ ಆಯ್ತು, ಕಡೀಕ "ಕಂಪನಿಗಿ ಕಳಸ್ತೀನಿ" ಅಂದ. 26 ದಿನ ಹಿಡೀತು. 26 ದಿನಾ! ನಡುವ ನಾ ಫೋನ್ ಮಾಡಿದಾಗೆಲ್ಲಾ "ನಾಳಿ ಬರ್ತದ ಸರ್." ಬದಲಿ ಬಂದ ಲೆನ್ಸ್ ಮಾತ್ರ ಛಲೋ ಅದ, ಒಂದು ಪೈಸಾನೂ ಹೆಚ್ಚಿಗಿ ಕೇಳ್ಲಿಲ್ಲ, ಅದನ್ನೂ ಹೇಳ್ಬೇಕಲ್ಲ.

ಈಗ ಖರೇ ಪರೀಕ್ಷಾ. ಹಕ್ಕಿ ರಕ್ತ ಎಲ್ಲಿಂದ ತರೋದು? ಕಾಡಿನ ಹಕ್ಕಿ ಹಿಡಿಯೋದು ಗುನ್ನಾ, ಅರಣ್ಯ ಇಲಾಖೆ ಪರ್ಮಿಷನ್ ಇಲ್ಲದ ಹೆಬ್ಬಾತು ಇರ್ಲಿ ಗುಬ್ಬಿಗೂ ಕೈ ಹಚ್ಚಂಗಿಲ್ಲ, ಹಚ್ಚಬ್ಯಾಡ್ರಿ. ನಮ್ಮ ಓಣ್ಯಾಗ ಎಂಎಸ್‌ಕೆ ಮಿಲ್ ಕಡಿ ಒಬ್ಬ ಹುಡುಗ ಮಾಳಗಿ ಮ್ಯಾಲ ಕಬೂತರ್ ಸಾಕ್ಯಾನ, ಮೂವತ್ತು ನಲವತ್ತು ಇರ್ಬೇಕು. ಅದರಾಗ ನಾಕೈದು ಸೊರಗಿದ್ವು. ಬೀದರಿನಾಗ ವೆಟರ್ನರಿ ಕಲತ ನಮ್ಮ ಗೆಳೆಯ ಒಬ್ಬಾಂವ ಇದ್ದಾನ, ಅವನ್ನ ಕರಕೊಂಡು ಹೋದೆ. ಅಂವ ರೆಕ್ಕಿ ಒಳಗಿನ ನರದಾಗಿಂದ ಒಂದೊಂದು ಹನಿ ತಗದ, ನಾ ಸ್ಲೈಡ್ ಮ್ಯಾಲ ಎಳದೆ. ಎಳಿಯೋದೂ ಒಂದು ಕಲಾ ನೋಡ್ರಿ, ದಪ್ಪ ಆದ್ರ ಕಣ ಒಂದರ ಮ್ಯಾಲ ಒಂದು ಬಿದ್ದು ಜಾತ್ರಿ ಆಗ್ತದ, ತೆಳ್ಳಗ ಎಳದು ಕೂಡ್ಲೇ ಗಾಳಿಗಿ ಒಣಗಿಸಬೇಕು, ಮೆಥನಾಲ್‌ದಾಗ ಅದ್ದಬೇಕು, ಆಮ್ಯಾಲ ಗಿಮ್ಸಾ ಬಣ್ಣ.

ಬಣ್ಣದ್ದೇ ಒಂದು ಕಥಿ. ಮೊದಲ್ನೇ ಸಲ ನಮ್ಮ ಬೋರ್‌ವೆಲ್ ನೀರಾಗ ಗಿಮ್ಸಾ ಕಲಸಿದೆ. ಕಲಬುರಗಿ ಬೋರಿನ ನೀರು ನಿಮಗ ಗೊತ್ತಲ್ಲ, ಕೊಡದ ತಳಕ್ಕ ಸುಣ್ಣ ಹಿಡೀತದ. ಎಲ್ಲಾ ಸ್ಲೈಡ್ ನೀಲಿ ನೀಲಿ, ಕಣದ ನಡುವಿನ ಬೀಜ (ನ್ಯೂಕ್ಲಿಯಸ್) ಯಾವುದು ಪರೋಪಜೀವಿ ಯಾವುದು ಏನೂ ತಿಳಿವಲ್ದು, ನಾ ಮತ್ತ ಲೆನ್ಸಿಗೇ ಬೈದೆ. ತಪ್ಪು ಲೆನ್ಸಿಂದಲ್ಲ, ನೀರಿಂದು. ಗಿಮ್ಸಾಕ್ಕ ನೀರಿನ ಪಿಎಚ್, ಅಂದ್ರ ಹುಳಿ-ಕ್ಷಾರದ ಅಳತಿ, 7.2ರ ಹತ್ತಿರ ಇರ್ಬೇಕು. ಬ್ಯಾಟರಿ ಅಂಗಡಿ ಡಿಸ್ಟಿಲ್ಡ್ ವಾಟರ್ ತಂದು ಪಿಎಚ್ ಬರೋಬರ್ ಇಡೋ ಬಫರ್ ಗುಳಗಿ ಹಾಕಿ ಮತ್ತ ಮಾಡ್ದೆ. ಈ ಅಂಗಡಿಯವ ಬಫರ್ ಗುಳಗಿ ಸುದ್ದೀನೇ ಎತ್ತಿರ್ಲಿಲ್ಲ, ಮಾರೋ ಮುಂದ ಒಂದು ಮಾತು ಹೇಳಿದ್ರ ನನ್ನ ಎಂಟು ಸ್ಲೈಡ್ ಉಳೀತಿದ್ವು.

ಸರಿ ಬಣ್ಣ ಹತ್ತಿದ ಸ್ಲೈಡ್ ಇಟ್ಟು, ಎಣ್ಣಿ ಹನಿ ಹಾಕಿ, 100ರ ಲೆನ್ಸ್ ಇಳಿಸಿ ಸಣ್ಣ ಗುಂಡಿ ತಿರುವಿದೆ. ನಮ್ಮ ರಕ್ತದ ಕೆಂಪು ಕಣ ದುಂಡಗ, ನಡುವ ಬೀಜ ಇಲ್ಲ. ಹಕ್ಕಿದು ಹಂಗಲ್ಲ, ಉದ್ದಕ ಕುಂಬಳ ಬೀಜದಂಗ, ನಡುವ ನೇರಳಿ ಬಣ್ಣದ ಬೀಜ, ಉದ್ದ ಒಂದು ಹನ್ನೆರಡು ಮೈಕ್ರಾನ್ (ಮೈಕ್ರಾನ್ ಅಂದ್ರ ಮಿಲಿಮೀಟರಿನ ಸಾವಿರದಾಗ ಒಂದು ಪಾಲು). ಸಾಲು ಸಾಲು ಕಣ ನೋಡ್ಕೋತ ಹೊಂಟಿದ್ದೆ, ಒಂದು ಕಣದಾಗ ಆ ಬೀಜದ ಸುತ್ತ ಯಾರೋ ತೊಗರಿಕಾಯಿ ಬಗ್ಗಿಸಿ ಇಟ್ಟಂಗ ಒಂದು ಆಕಾರ, ಅದರ ಮೈಮ್ಯಾಲ ಒಗ್ಗರಣಿ ಸಾಸಿವಿ ಚೆಲ್ಲಿದಂಗ ಕಂದು ಚುಕ್ಕಿ. ಹೀಮೋಪ್ರೋಟಿಯಸ್, ನಾ ಹುಡುಕೋ ರಕ್ತದ ಪರೋಪಜೀವಿ! ಆ ಚುಕ್ಕಿ ಅಂದ್ರ ಪರೋಪಜೀವಿ ಕಣದೊಳಗಿನ ಹಿಮೋಗ್ಲೋಬಿನ್ ತಿಂದು ಉಳಿಸಿದ ಕಸ. ನಾ ಒಬ್ನೇ ಕೂತು ನಕ್ಕೆ ನೋಡ್ರಿ. ಮಲೇರಿಯಾದ ಪ್ಲಾಸ್ಮೋಡಿಯಂ ಇದಕ್ಕ ಸೋದರ ಸಂಬಂಧಿ ಇದ್ದಂಗ, ಆದ್ರ ಇದು ಸೊಳ್ಳಿಯಿಂದ ಹರಡಂಗಿಲ್ಲ, ಪಾರಿವಾಳದಾಗ ಪುಕ್ಕದೊಳಗ ಸರಸರ ಓಡಾಡೋ ಒಂದು ಚಪ್ಪಟಿ ನೊಣ ಇರ್ತದಲ್ಲ, ಆ ನೊಣ ಕಡದ್ರ ಹರಡ್ತದ. ಹುಡುಗನ ಗೂಡಿನಾಗ ಆ ನೊಣ ತುಂಬಿದ್ವು, ನನ್ನ ಅಂಗಿಯೊಳಗೂ ಒಂದು ಹೊಕ್ಕಿತ್ತು.

ಎಣ್ಣಿ ಲೆನ್ಸಿನ ಸಣ್ಣದನ್ನ ಬಿಡಿಸಿ ತೋರಿಸೋ ತಾಕತ್ತು (ನ್ಯೂಮರಿಕಲ್ ಅಪರ್ಚರ್) 1.25, ಅಂದ್ರ ಒಂದು ಮೈಕ್ರಾನಿನ ಕಾಲು ಭಾಗದಷ್ಟು ಹತ್ತಿರ ಇದ್ದ ಎರಡು ಚುಕ್ಕಿ ಬ್ಯಾರೆ ಬ್ಯಾರೆ ಕಾಣ್ತಾವ. ಈ ಕೆಲಸಕ್ಕ ಅಷ್ಟು ಬೇಕು, ಅಷ್ಟು ಸಿಗ್ತದ. ಮೊಬೈಲ್ ಹಚ್ಚಿ ಫೋಟೋನೂ ತಗದೆ, ಹುಡುಗರಿಗಿ ತೋರ್ಸಿದೆ.

ಆದ್ರ ನನ್ನ ತಲ್ಯಾಗ ಹತ್ತಿದ್ದು ಬ್ಯಾರೆನೇ. ಈ ಪಾರಿವಾಳ ಎಲ್ಲಿಗೂ ಹೋದವಲ್ಲ. ಮಾಳಗಿಯಿಂದ ಮಾಳಗಿಗಿ ಹಾರಿ ಸಂಜಿಗಿ ಗೂಡಿಗಿ ಬರೋವು. ಕಾಕಾನ ಲೆಕ್ಕದಾಗ ಇವು ಎಲ್ಲಕ್ಕಿಂತ ಸ್ವಚ್ಛ ಇರ್ಬೇಕು. ಇವುಕ್ಕೇ ರಕ್ತದಾಗ ತುಂಬೇದ.

ಅವತ್ತಿನಿಂದ ಪುಸ್ತಕ ಪೇಪರು ಹುಡುಕಿ ಓದ್ಲಾಕ ಸುರು ಮಾಡ್ದೆ. ಹಕ್ಕಿ ಎಷ್ಟು ದೂರ ಹಾರ್ತದ ಅನ್ನೋದಕ್ಕೂ ಅದರ ಮೈಯಾಗಿನ ಪರೋಪಜೀವಿಗೂ ಸಂಬಂಧ ಅದ, ಖರೇ, ಆದ್ರ ಒಂದೇ ದಿಕ್ಕಿನದಲ್ಲ, ನಾಕು ಕಡಿ ಎಳೀತದ. ನಮ್ಮ ಕಡಿ ಮಂದಿ ಗುಳೆ ಹೋಗೋದು ನೋಡಿದವರಿಗಿ ಇದು ಬಲ್ಲಂಗೇ ತಿಳೀತದ. ಹೋದ ಊರಾಗ ನೀರು ಬ್ಯಾರೆ, ಸೊಳ್ಳಿ ಬ್ಯಾರೆ, ಹೊಸಾ ಜಡ್ಡು ಹತ್ತತಾವ, ಇದು ಕಾಕಾನ ಮಾತಿನ ಕಡಿ. ಎರಡನೇದು, ಊರಾಗ ಜಡ್ಡು ಹೆಚ್ಚಾಗೋ ಟೈಮಿಗೇ ಊರು ಬಿಟ್ಟವ ಆ ಜಡ್ಡಿನಿಂದ ಪಾರಾಗ್ತಾನ, ಹಕ್ಕಿನೂ ಹಂಗೇ ಹೊಲಸಾದ ಜಾಗ ಬಿಟ್ಟು ಹೋಗ್ತಾವ. ಮೂರನೇದು, ಇದು ನನಗ ಭಾಳ ಹತ್ತಿದ ಮಾತು: ಜ್ವರ ಬಂದವ ಬಸ್ ಹತ್ತೋದೇ ಇಲ್ಲ, ಊರಾಗೇ ಉಳೀತಾನ, ಹತ್ತಿದ್ರೂ ನಡುವ ಇಳೀತಾನ. ಹಂಗಾಗಿ ದೂರದ ಊರು ಮುಟ್ಟಿದ ಮಂದಿನ್ನ ಎಣಿಸಿದ್ರ ಎಲ್ಲರೂ ಗಟ್ಟಿ ಕಾಣ್ತಾರ. ನಾಕನೇದು, ದಾರ್ಯಾಗೇ ಆರಾಮಾಗೋದು.

ಮೂರನೇದಕ್ಕ ಛಲೋ ಉದಾಹರಣಿ ಹಕ್ಕಿದಲ್ಲ, ಚಿಟ್ಟಿದು. ಅಮೆರಿಕಾದ ಮೊನಾರ್ಕ್ ಚಿಟ್ಟಿಗಿ ಒಂದು ಪರೋಪಜೀವಿ ಹತ್ತತದ, ಹತ್ತಿದ ಚಿಟ್ಟಿ ಭಾಳ ದೂರ ಹಾರ್ಲಾರ್ದು. ಮೆಕ್ಸಿಕೋ ತನಕ ವಲಸೆ ಹೋಗೋ ಗುಂಪಿನಾಗ ಈ ಜಡ್ಡು ಕಮ್ಮಿ, ಒಂದೇ ಕಡಿ ವರ್ಷಪೂರ್ತಿ ಇರೋ ಗುಂಪಿನಾಗ ಭಾಳ. ಅಂದ್ರ ವಲಸೆ ಅನ್ನೋದೇ ಒಂದು ಜರಡಿ ಇದ್ದಂಗ. ಹಕ್ಕಿದೂ ಅದ: ನೆದರ್ಲೆಂಡ್ಸಿನಾಗ ಬೀವಿಕ್ ಹಂಸಗಳ ಮ್ಯಾಲ ಟ್ರಾನ್ಸ್‌ಮಿಟರ್ ಹಾಕಿ ನೋಡಿದ್ರು, 2007ರಾಗ ಬಂತು ಆ ಪೇಪರು. ಸೌಮ್ಯ ಹಕ್ಕಿ ಜ್ವರದ ವೈರಸ್ ಹತ್ತಿದ ಎರಡು ಹಂಸ ಉಳಿದವುಕಿಂತ ಒಂದು ತಿಂಗಳಿಗೂ ಮ್ಯಾಲ ತಡಾ ಮಾಡಿ ಹೊಂಟ್ವು, ಮೇಯೋದೂ ನಿಧಾನ. ವೈರಸ್ಸಿನ ಮಾತದು, ಎರಡೇ ಹಕ್ಕಿದು, ಆದ್ರೂ ದಿಕ್ಕು ಗೊತ್ತಾಗ್ತದ.

ಮತ್ತ ಮೊದಲ್ನೇದಕ್ಕ ಸ್ವೀಡನ್ನಿಂದು. ಕ್ವಿಸ್ಮಾರೆನ್ ಅಂತ ಕೆರಿ, ಅಲ್ಲಿ ಗ್ರೇಟ್ ರೀಡ್ ವಾರ್ಬ್ಲರ್ ಅಂತ ಜೊಂಡಿನಾಗ ಇರೋ ಹಕ್ಕಿ, ಚಳಿಗಾಲಕ್ಕ ಸಹಾರಾ ದಾಟಿ ಆಫ್ರಿಕಾಕ್ಕ ಹೋಗಿ ಬರ್ತದ. ಆಫ್ರಿಕಾದಾಗ ಮಲೇರಿಯಾ ಹತ್ತಿ, ಹೊರಗ ಆರಾಮ ಕಾಣೋ ಹಕ್ಕಿಗಳನ್ನ ವರ್ಷಗಟ್ಲಿ ಹಿಂಬಾಲ ಹಿಡದು ನೋಡಿದ್ರು. ಅವುಗಳ ಟೆಲೋಮಿಯರ್, ಅಂದ್ರ ಕ್ರೋಮೋಸೋಮಿನ ತುದಿ, ಲಗೂ ಸವೀತಾವ, ಆಯುಷ್ಯ ಕಮ್ಮಿ, ಸಾಕಿ ಬೆಳೆಸೋ ಮರಿನೂ ಕಮ್ಮಿ, ಇದು 2015ರಾಗ ಸೈನ್ಸ್ ಪತ್ರಿಕ್ಯಾಗ ಬಂತು. ಹೊರಗಿಂದ ನೋಡಿದ್ರ ಹಕ್ಕಿ ಛಲೋ ಹಾಡ್ಲಾಕತ್ತದ, ಒಳಗ ಸಾಲದ ಬಡ್ಡಿ ಏರಿದಂಗ ಏರ್ತದ.

ಈ ಹಕ್ಕಿ ಮಲೇರಿಯಾದ ಮೂಲ ಸುದ್ದಿ ನಮ್ಮ ಬಾಜೂಕಿನ ಸಿಕಂದರಾಬಾದಿಗೇ ಬರ್ತದ, ರೈಲು ಹತ್ತಿದ್ರ ಅರ್ಧ ದಿನದ ದಾರಿ. ಬ್ರಿಟಿಷ್ ಡಾಕ್ಟರ್ ರೊನಾಲ್ಡ್ ರಾಸ್ 1897ರ ಆಗಸ್ಟ್ 20ಕ್ಕ ಅಲ್ಲಿ ಸೊಳ್ಳಿ ಹೊಟ್ಯಾಗ ಮಲೇರಿಯಾದ ಪರೋಪಜೀವಿ ಕಂಡ, ಆದ್ರ ಸೊಳ್ಳಿ ಕಡದು ಒಬ್ಬರಿಂದ ಒಬ್ಬರಿಗಿ ಹೋಗೋ ಪೂರಾ ಸುತ್ತು ಪತ್ತೆ ಹಚ್ಚಿದ್ದು 1898ರಾಗ ಕಲ್ಕತ್ತಾದಾಗ, ಗುಬ್ಬಿಯಂಥಾ ಸಣ್ಣ ಹಕ್ಕಿಗಳ ಮ್ಯಾಲ. 1902ರಾಗ ನೊಬೆಲ್ ಬಂತು. ಅವನ ಕಡಿ ಇದ್ದ ಮೈಕ್ರೋಸ್ಕೋಪಿಗಿ ಎಲ್‌ಇಡಿ ಇರ್ಲಿಲ್ಲ, ಬಿಸಿಲಿತ್ತು, ಸಿಕಂದರಾಬಾದಿನ ಧಗಿ ಇತ್ತು. ಸೊಳ್ಳಿ ಹಾರಬಾರ್ದು ಅಂತ ಫ್ಯಾನೂ ಬೀಸಿಸ್ತಿರ್ಲಿಲ್ಲಂತ. ಇದನ್ನ ಓದಿದ ಮ್ಯಾಲ ನನ್ನ 26 ದಿನದ ಸಿಟ್ಟು ಜರಾ ಇಳೀತು. ಪೂರಾ ಇಳೀಲಿಲ್ಲ.

ಈಗ ಈ ಸಾಮಾನಿನಿಂದ ಏನು ಆಗಂಗಿಲ್ಲ ಅದನ್ನೂ ಕೇಳ್ರಿ, ಇದನ್ನ ಅಂಗಡಿಯವರು ಹೇಳಂಗಿಲ್ಲ. ಒಂದು, ರಕ್ತದಾಗ ಪರೋಪಜೀವಿ ಭಾಳ ಕಮ್ಮಿ ಇದ್ರ ಸ್ಲೈಡಿನಾಗ ಸಿಗಂಗಿಲ್ಲ, ತಾಸುಗಟ್ಲಿ ಕೂತು ಸಾವಿರ ಸಾವಿರ ಕಣ ನೋಡಿದ್ರೂ ಇಲ್ಲ ಅಂತ ಬರ್ಕೋತೀರಿ, ಪಿಸಿಆರ್, ಅಂದ್ರ ಪರೋಪಜೀವಿಯ ಡಿಎನ್‌ಎ ಹುಡುಕೋ ಪರೀಕ್ಷಾ, ಮಾಡಿದ್ರ ಅದ ಅಂತ ಬರ್ತದ. ಪರೋಪಜೀವಿಯ ಜೀನ್ ಓದಿ ಇದು ಇಂಥಾ ವಂಶ ಅಂತ ಹೇಳ್ಲಾಕ ಸ್ವೀಡನ್ನಿನ ಲುಂಡ್ ಯುನಿವರ್ಸಿಟಿಯವರು ಮಾಲ್‌ಆವಿ ಅಂತ ಒಂದು ಮಾಹಿತಿ ಖಜಾನಿನೇ ಮಾಡ್ಯಾರ. ಹಂಗಂತ ಸ್ಲೈಡ್ ಕೆಲಸಕ್ಕ ಬಾರದ್ದಲ್ಲ. ಪಿಸಿಆರ್ ಬರೇ ಅದರ ಗುರುತು ಸಿಕ್ತು ಅಂತ ಹೇಳ್ತದ, ಅದು ಕಣದೊಳಗ ಬಲಿತು ಮುಂದ ನೊಣಕ್ಕೋ ಸೊಳ್ಳಿಗೋ ದಾಟ್ಲಾಕ ತಯಾರಾಗ್ಯಾದೋ ಇಲ್ಲೋ ಅನ್ನೋದು ಕಣ್ಣಾರೆ ಸ್ಲೈಡಿನಾಗೇ ನೋಡ್ಬೇಕು.

ಎರಡು, ದೂರ ಅಳಿಯೋದು ಮೈಕ್ರೋಸ್ಕೋಪಿನ ಕೆಲಸ ಅಲ್ಲ. ಅದಕ್ಕ ಕಾಲುಂಗುರ, ಕೊರಳಪಟ್ಟಿ, ಸ್ಯಾಟಲೈಟ್ ಟ್ಯಾಗ್ ಬೇಕು. ಮಂಗೋಲಿಯಾದಾಗ ಕೊರಳಪಟ್ಟಿ ಹಾಕಿದ ಪಟ್ಟೆತಲೆ ಹೆಬ್ಬಾತು ಕರ್ನಾಟಕದ ಕೆರಿಗಳಾಗ ಕಂಡಾವ, ನಡುವ ಹಿಮಾಲಯ ದಾಟಿ, ಏಳು ಸಾವಿರ ಮೀಟರಿಗೂ ಮ್ಯಾಲ ಹಾರಿದ ದಾಖಲಿ ಈ ಹಕ್ಕಿದು. 2022ರಾಗ ಒಂದು ಬಾರ್-ಟೇಲ್ಡ್ ಗಾಡ್ವಿಟ್ ಅಲಾಸ್ಕಾದಿಂದ ಟಾಸ್ಮೇನಿಯಾ ತನಕ 13,560 ಕಿಲೋಮೀಟರ್ ನಿಂದ್ರದಂಗ, ನೀರು ಕಾಳು ಇಲ್ಲದಂಗ 11 ದಿನ ಹಾರ್ತು, ನಾ ಲೆನ್ಸಿನ ಸಲುವಾಗಿ ಕಾದದ್ದಕ್ಕಿಂತ ಕಮ್ಮಿ ದಿನ. ಟ್ಯಾಗ್ ಇಲ್ಲದಿದ್ರ ಪುಕ್ಕದಾಗಿನ ಹೈಡ್ರೋಜನ್ ಐಸೋಟೋಪ್, ಅಂದ್ರ ವಜನ ಬ್ಯಾರೆ ಬ್ಯಾರೆ ಇರೋ ಹೈಡ್ರೋಜನ್ ರೂಪ, ನೋಡ್ತಾರ, ಪುಕ್ಕ ಬೆಳೆಯೋ ಮುಂದ ಹಕ್ಕಿ ಯಾವ ಕಡಿ ನೀರು ಕುಡದಿತ್ತು ಅನ್ನೋದರ ಅಂದಾಜು ಅದರಾಗ ಉಳದಿರ್ತದ. ನೂರಾರು ಜಾತಿ ಹೋಲಿಸೋ ಮುಂದ ಭಾಳ ಸಲ ಮರಿ ಮಾಡೋ ಸೀಮಿ ನಟ್ಟನಡುವಿನಿಂದ ಚಳಿಗಾಲದ ಸೀಮಿ ನಟ್ಟನಡುವಿಗಿ ಗೆರಿ ಎಳದು ಕಿಲೋಮೀಟರ್ ಹಿಡೀತಾರ. ಕಲಬುರಗಿಯಿಂದ ಬೆಂಗಳೂರಿಗಿ ನಕ್ಷಾದ ಮ್ಯಾಲ ಸ್ಕೇಲ್ ಇಟ್ಟು ಅಳದಂಗ, ಲೆಕ್ಕಕ್ಕ ನಡೀತದ, ದಾರ್ಯಾಗ ಎಲ್ಲೆಲ್ಲಿ ಇಳದು ಯಾವ ಕೆರಿ ನೀರು ಕುಡೀತು ಅದರಾಗ ಬರಂಗಿಲ್ಲ.

ಮೂರನೇದು ನನ್ನದೇ ತಪ್ಪು. ಪಾರಿವಾಳದ ಸ್ಲೈಡ್ ನೋಡಿ ಕಾಕಾಗ "ನಿನ್ನ ಮಾತು ಸುಳ್ಳು" ಅಂತ ಫೋನ್ ಹಚ್ಚಿ ಹೇಳಿಬಿಟ್ಟಿದ್ದೆ. ನಲವತ್ತು ಪಾರಿವಾಳ ಒಂದೇ ಗೂಡಿನಾಗ ತುರುಕಿದ್ರ ನೊಣ ಒಂದರಿಂದ ಒಂದಕ್ಕ ಆರಾಮ ದಾಟ್ತಾವ, ಅದು ಗೂಡಿನ ಗದ್ದಲದ ಫಲ, ದೂರದ್ದಲ್ಲ. ಹೋಲಿಸೋದಿದ್ರ ಒಂದೇ ಜಾತಿ ಹಕ್ಕ್ಯಾಗ ಹತ್ತಿರ ಹೋಗೋವು ಎಷ್ಟು, ದೂರ ಹೋಗೋವು ಎಷ್ಟು ಅಂತ ನೋಡ್ಬೇಕು, ವಯಸ್ಸು ನೋಡ್ಬೇಕು, ಯಾವ ತಿಂಗಳು ಅಂತ ನೋಡ್ಬೇಕು. ಮತ್ತ ಬೋನಾಳಕ್ಕ ಬಂದು ಮುಟ್ಟಿದ ಹೆಬ್ಬಾತು ಅಷ್ಟೇ ನಾವು ನೋಡೋದು, ಟಿಬೆಟ್ಟಿನ ಆ ಕಡಿ ಉಳದದ್ದು, ದಾರ್ಯಾಗ ಬಿದ್ದದ್ದು ನಮ್ಮ ಲೆಕ್ಕದಾಗೇ ಇಲ್ಲ. ಮತ್ತ ಫೋನ್ ಮಾಡಿ ಹೇಳ್ದೆ. ಕಾಕಾ ಅಂದ, "ಅಂದ್ರ ನಂದು ಖರೇನೋ ಸುಳ್ಳೋ?" ಅರ್ಧ ಖರೇ ಅಂದೆ. "ಹದಿನಾಕೂವರಿ ಸಾವಿರ ಕೊಟ್ಟು ಅರ್ಧ ತಿಳಕೊಂಡ್ಯಾ" ಅಂದ.

ಬ್ಯಾಸಿಗಿ ಸುದ್ದಿ ಒಂದು ಉಳೀತು. ಏಪ್ರಿಲ್ ಕಡೀಕ ನಮ್ಮ ಬಿಸಿಲಿಗಿ ಗುಂಡಿಯೊಳಗಿನ ಗ್ರೀಸ್ ಇಳಕ ಆಗಿ ಸ್ಟೇಜು ತಾನೇ ಮೆಲ್ಲಕ ಕೆಳಗ ಜಾರ್ತದ, ಫೋಕಸ್ ಮಾಡಿ ನೋಟ್ಸ್ ಬರ್ಕೊಂಡು ತಲಿ ಎತ್ತೋದ್ರಾಗ ಮಸಕು. ಗುಂಡಿ ಬಾಜೂಕ ಬಿಗಿ ಮಾಡೋ ಒಂದು ರಿಂಗ್ ಇರ್ತದ, ಅದನ್ನ ತಿರುವಿದ್ರ ನಿಲ್ತದ, ಮ್ಯಾನುವಲ್‌ದಾಗ ಇದಿಲ್ಲ. ಕರೆಂಟ್ ಹೋದ್ರ ಇನ್ವರ್ಟರ್ ಮ್ಯಾಲ ಆರಾಮ ನಡೀತದ. ಧೂಳಿಗಿ ಮಾತ್ರ ಹುಷಾರ್, ಲೆನ್ಸ್ ಒರಸ್ಲಾಕ ಲೆನ್ಸ್ ಪೇಪರೇ ಬೇಕು, ಧೋತರ ಚುಂಗು ಹಚ್ಚಬ್ಯಾಡ್ರಿ, ಎಣ್ಣಿನ ಅವತ್ತಿಂದವತ್ತೇ ಒರಸ್ರಿ, ಒಣಗಿ ಕೂತ್ರ ಆಮ್ಯಾಲ ನಮ್ಮ ಕಾಲೇಜಿನ ಮೈಕ್ರೋಸ್ಕೋಪೇ ಆಗ್ತದ.

ಐದಕ್ಕ ಸಾಮಾನಿಗಿ ನಾಕು, ಅಂಗಡಿಗಿ ಎರಡು. ಡಿಗ್ರಿ, ಎಂಎಸ್ಸಿ ಹುಡುಗರು ಇದೇ ಬೆಲಿದು ತೊಗೊಳ್ಳೋದಿದ್ರ ಅಂಗಡ್ಯಾಗೇ ಎಣ್ಣಿ ಹಾಕಿಸಿ 100ರ ಲೆನ್ಸ್ ಪೂರಾ ನೋಡಿ ಆಮ್ಯಾಲ ರೊಕ್ಕ ಕೊಡ್ರಿ, ಬಿಲ್ ಮ್ಯಾಲ ವಾರಂಟಿ ಬರಸ್ಕೋರಿ. ರಕ್ತ ತಗಿಯೋದಿದ್ರ ವೆಟರ್ನರಿ ಡಾಕ್ಟ್ರು ಜೋಡಿಗಿ ಇರ್ಲಿ. ಕೆರಿ ದಂಡ್ಯಾಗ ಹಕ್ಕಿ ಹಿಕ್ಕಿ ಆರಿಸಿ ನೋಡ್ತೀವಿ ಅಂದ್ರ ಮಾಸ್ಕ್ ಕೈಗವಸು ಇಲ್ದಂಗ ಮುಟ್ಟಬ್ಯಾಡ್ರಿ, ಹಕ್ಕಿ ಜ್ವರದ ಕಾಲ ಇದು, ಸತ್ತ ಹಕ್ಕಿ ಕಂಡ್ರಂತೂ ದೂರ ನಿಂತು ಪಶು ಇಲಾಖೆಗಿ ತಿಳಸ್ರಿ. ಮತ್ತ ಗಿಮ್ಸಾ ಹಾಕೋ ದಿನ ಬಿಳಿ ಅಂಗಿ ಹಾಕ್ಕೊಂಡು ಕೂಡಬ್ಯಾಡ್ರಿ, ಆ ಕಲಿ ಹೋಗಂಗಿಲ್ಲ, ನಂದು ಎರಡು ಹೋಗ್ಯಾವ.